ನಾನಿಯ ಪುಟಕ್ಕೆ ಹೊಸ ತಾರೀಖು

"ಜಹೀರ ಅಂದ್ರ ನೀವೇನ್ರಿ?"

ಹಾವೇರಿ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯ ಮೇಲೆ 'ಊರಕಟ್ಟಿ' ಜಾಲತಾಣದ ಆಫೀಸು. ಮೆಟ್ಟಿಲು ಹತ್ತಿ ಬಂದ ಏದುಸಿರು ಇಳಿಯುವ ಮುಂಚೆಯೇ ತಸ್ಲೀಮ್ ತನ್ನ ಫೋನನ್ನು ಅವನ ಕೀಬೋರ್ಡಿನ ಮೇಲೆ ಇಟ್ಟಳು.

ಅವನು ತಲೆಯೆತ್ತಿದ. ಕೆಲಸ ಮರೆತವನಂತೆ ಅವಳನ್ನೇ ನೋಡಿದ.

"ಹೌದ್ರಿ... ನೀವು ಬ್ಯಾಡಗಿ ತಸ್ಲೀಮ್ ಅಲ್ಲೇನ್ರಿ? ಕುಂದ್ರಿ."

"ಕುಂದ್ರಾಕ ಬಂದಿಲ್ಲ. ಇದನ್ನ ಓದ್ರಿ. ಗಟ್ಟಿಯಾಗಿ ಓದ್ರಿ."

ಅವನು ಓದಿದ. 'ಈ ರಂಜಾನಿಗೂ ಬ್ಯಾಡಗಿ ಅಜ್ಜಿಯ ಕೈಶಾವಿಗೆ ರೆಡಿ! ಗುಟ್ಟು ಕೇಳಿದ್ರೆ ದಂಗಾಗ್ತೀರಿ!' ಅದರ ಕೆಳಗೆ ಇವತ್ತಿನ ತಾರೀಖು, ತಸ್ಲೀಮಳ ಹೆಸರು.

"ಆ ಅಜ್ಜಿ ನಮ್ಮ ನಾನಿ, ಬಿಸ್ಮಿಲ್ಲಾಬಿ. ಹೋದ ಬಕ್ರೀದ್ ಮುಂದ ತೀರಿಕೊಂಡಾಳ. ಮುಂಜಾನಿಂದ ಮಂದಿ ಬಾಗಿಲಿಗೆ ಬಂದು ಶಾವಿಗಿ ಕೇಳಾಕತ್ತಾರ. 'ನಮ್ಮವ್ವ ಇಲ್ಲರಿ' ಅಂತ ಬಂದವರಿಗೆಲ್ಲ ಹೇಳಿ ಹೇಳಿ ನಮ್ಮ ಅಮ್ಮಿ ಅಳಾಕತ್ತಾಳ."

ಜಹೀರನ ಮುಖ ಬಿಳಿಚಿತು.

ಹಳೆಯ ಬರಹಕ್ಕೆ ಹೊಸ ತಾರೀಖು ಹಚ್ಚಿ ಮೇಲೆ ತರುವುದು ಈ ಕಸುಬಿನ ಈಚಿನ ಚಾಳಿ. ಹಬ್ಬ ಹತ್ತಿರ ಬಂತೋ, ಹಬ್ಬದ ಹಳೆಯ ಬರಹಗಳನ್ನು ಎಐ ಕೈಗೆ ಒಪ್ಪಿಸುತ್ತಾರೆ. ಅದು ತನಗೆ ತೋಚಿದ ತಲೆಬರಹ ಕೊಡುತ್ತದೆ, ಇವರು ಬಟನ್ ಒತ್ತುತ್ತಾರೆ. ಬರೆದವಳನ್ನು ಒಂದು ಮಾತು ಕೇಳೋಣ ಅಂತ ಯಾವ ಪುಣ್ಯಾತ್ಮನಿಗೂ ಅನಿಸುವುದಿಲ್ಲ.

ಜಹೀರ ರಾಣೆಬೆನ್ನೂರಿನವನು, ಇಲ್ಲಿ ಸಂಪಾದಕನಾಗಿ ಈಚೆಗಷ್ಟೇ ಸೇರಿದ್ದ. ತಸ್ಲೀಮ್ ಬ್ಯಾಡಗಿಯ ಮನೆಯಿಂದಲೇ ಬರೆದು ಕಳಿಸುವವಳು. ಇಬ್ಬರ ಪರಿಚಯ ವಾಟ್ಸಾಪಿನಲ್ಲಿ ಮಾತ್ರ. 'ಪ್ಯಾರಾ ಉದ್ದ ಆತು.' 'ಎರಡನೇ ಸಾಲಿನಾಗ ಊರ ಹೆಸರು ಬರಲಿ.' 'ಇದನ್ನ ಇನ್ನೊಮ್ಮೆ ಬರೀರಿ.' ದಿನಾ ಒಂದು ತಕರಾರು ತೆಗೆಯುವ ಈ ಮನುಷ್ಯನಿಗೆ ತಲೆಬರಹ ಓದುವಷ್ಟೂ ಪುರುಸೊತ್ತಿಲ್ಲವೇ ಎಂದು ಅವಳ ಮೈ ಉರಿಯಿತು.

"ತಪ್ಪಾತ್ರಿ. ನನಗ ಗೊತ್ತಿರಲಿಲ್ಲ..."

"ಗೊತ್ತಿಲ್ಲಂದ್ರ ಕೇಳಬೇಕಿತ್ತು. ಸತ್ತವರನ್ನ ಎಬ್ಬಿಸಿ ತಂದು ವ್ಯೂಸ್ ತಗೋತೀರೇನು?"

ಒಳಕೋಣೆಯಿಂದ ಮಾಲೀಕ ಪುಂಡಲೀಕ ಹೊರಬಂದ. "ಏನವಾ ತಸ್ಲೀಮ್, ಇಷ್ಟಕ್ಕ ಯಾಕ ಜಗಳ? ತಗದು ಒಗದ್ರ ಮುಗೀತು. ನಾಳಿಗೆ ಯಾರಿಗೂ ನೆನಪಿರೂದಿಲ್ಲ."

"ತಗೀಬ್ಯಾಡ್ರಿ," ಅವಳ ದನಿ ನಡುಗಿತು. "ನಮ್ಮ ನಾನಿ ಬಗ್ಗೆ ಈ ಜಗತ್ತಿನಾಗ ಬರೆದದ್ದು ಅಂತ ಇರೂದು ಅದೊಂದ. ನಾ ಬರೆದಂಗ, ಹಳೇ ತಾರೀಖಿಗೆ ಹಾಕ್ರಿ. ಆಕಿ ತೀರಿಕೊಂಡಾಳ ಅಂತ ಒಂದು ಸಾಲು ಸೇರಿಸ್ರಿ. ಮತ್ತೇನೂ ಬ್ಯಾಡ."

"ಇವತ್ತ ಮಾಡ್ತೀನ್ರಿ," ಎಂದ ಜಹೀರ. ಅವನ ಕಣ್ಣು ಒದ್ದೆಯಾಗಿದ್ದು ಅವಳಿಗೆ ಕಂಡಿತು. ಕಂಡಿದ್ದಕ್ಕೇ ನಂಬಿದಳು.

ಆದರೆ ಬ್ಯಾಡಗಿಯಲ್ಲಿ ಬಸ್ಸಿಳಿದು ಲಿಂಕ್ ಒತ್ತಿದರೆ... 'ಈ ಪುಟ ಲಭ್ಯವಿಲ್ಲ.'

ಮತ್ತೆ ಒತ್ತಿದಳು. ನಾನಿಯ ಹೆಸರು ಹಾಕಿ ಹುಡುಕಿದಳು. ಎಲ್ಲೂ ಇಲ್ಲ. ನಾನಿಯನ್ನು ಇನ್ನೊಮ್ಮೆ ಮಣ್ಣು ಮಾಡಿ ಬಂದಷ್ಟು ಸಂಕಟವಾಯಿತು.

'ಮಾತು ಕೊಟ್ಟು ತಗದು ಒಗದ್ರಿ. ಇನ್ನ ನನ್ನ ಬರಹ ನಿಮಗ ಬರೂದಿಲ್ಲ' ಎಂದು ಟೈಪಿಸಿ, ಕಳಿಸಿ, ಅವನ ನಂಬರನ್ನು ಬ್ಲಾಕ್ ಮಾಡಿದಳು.

'ಎದುರಿಗೇ ನಿಂತು ಹೇಳಿದ್ನಲ್ಲ... ನಾನೂ ನಂಬಿದ್ನಲ್ಲ!' ಅವನ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ಆ ಒದ್ದೆ ಕಣ್ಣು ಇನ್ನೂ ನೆನಪಾಗುತ್ತಿತ್ತಲ್ಲ, ಅದಕ್ಕೆ.

ಮರುದಿನ ಇಳಿಹೊತ್ತಿನ ಅಸರ್ ನಮಾಜು ಮುಗಿದ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಅಮ್ಮಿ ಮೆಹಬೂಬಿ ತೆಗೆದರು. ಇನ್ನೊಬ್ಬ ಶಾವಿಗೆ ಗಿರಾಕಿ ಅಂದುಕೊಂಡು, "ನಮ್ಮವ್ವ ಇಲ್ಲಪಾ," ಎಂದರು.

"ಗೊತ್ತೈತ್ರಿ ಖಾಲಾ. ಅವರು ಇದ್ದಾರಂತ ತೋರಿಸಿ ನಿಮಗ ನೋವು ಮಾಡಿದಾಂವ ನಾನು. ಮಾಫಿ ಕೇಳಾಕ ಬಂದೇನಿ."

ತಸ್ಲೀಮ್ ಒಳಗಿನಿಂದ ದುಡುದುಡು ಬಂದಳು. "ಯಾವ ಮುಖ ಹೊತ್ಕೊಂಡು ಬಂದ್ರಿ?"

ಅವನು ಫೋನು ಮುಂದೆ ಹಿಡಿದ. ನಾನಿಯ ಪುಟ. ಅವಳೇ ಕೊಟ್ಟ ತಲೆಬರಹ, ಹಳೆಯ ತಾರೀಖು. ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ, 'ಬಿಸ್ಮಿಲ್ಲಾಬಿ ಈಗ ನಮ್ಮೊಂದಿಗಿಲ್ಲ. ಈ ಬರಹಕ್ಕೆ ಹೊಸ ತಾರೀಖು ಹಾಕಿ ಓದುಗರನ್ನು ತಪ್ಪುದಾರಿಗೆಳೆದದ್ದು ನಾನು. ಕುಟುಂಬದವರ ಕ್ಷಮೆ ಕೇಳುತ್ತೇನೆ. ಜಹೀರ, ಸಂಪಾದಕ.'

"ನಿನ್ನೆ ನಾ ನಮಾಜಿಗೆ ಹೋದಾಗ ಪುಂಡಲೀಕ ಸರ್ ತಗದಿದ್ರು. ನಾ ವಾಪಸ್ ಹಾಕಿದೆ. ಮತ್ತ ತಗದ್ರು. ಈ ಪುಟ ಇದ್ರ ನಾನಿರ್ತೀನಿ, ಇಲ್ಲಂದ್ರ ಸೈಟ್ ನೀವ ನಡಸ್ಕೋರಿ ಅಂದೆ. ಅವರಿಗೆ ತಗಿಯಾಕ ಅಷ್ಟ ಬರತೈತಿ, ಹೊಸಾದು ಹಾಕಾಕ ಬರೂದಿಲ್ಲ, ಒಪ್ಪಿದ್ರು. ನಿಮಗ ಹೇಳೂಣಂದ್ರ ಬ್ಲಾಕ್ ಮಾಡೀರಿ."

ತಸ್ಲೀಮ್ ಆ ದಪ್ಪಕ್ಷರದ ಸಾಲುಗಳನ್ನು ಇನ್ನೊಮ್ಮೆ ಓದಿದಳು.

"ಓದಪಾ, ಕೇಳ್ತೀನಿ," ಎಂದರು ಅಮ್ಮಿ.

ಅವನು ಹೊಸ್ತಿಲಲ್ಲೇ ನಿಂತು ಓದಿದ. 'ನಾನಿ ಶಾವಿಗೆ ಹೊಸೆಯುವಾಗ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಎಳೆ ಹರಿದರೆ ಬೈಗುಳ ನಮಗೆ...' ಅಮ್ಮಿ ಅಳುತ್ತಲೇ ನಕ್ಕರು. "ನಮ್ಮವ್ವ ಹಿಂಗ ಇದ್ಲು ನೋಡು. ರೋಜಾ ಬಿಡೂತನಕ ಇರಪಾ, ಹಂಗ ಹೋಗಬ್ಯಾಡ," ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ಹೋದರು.

"ಅಷ್ಟೊಂದು ಹಳೇ ಬರಹ ಇದ್ವು," ತಸ್ಲೀಮ್ ಕೇಳಿದಳು, ದನಿಯಲ್ಲಿ ಕಾವು ಇನ್ನೂ ಇತ್ತು. "ಇದ ಯಾಕ ಬೇಕಾಗಿತ್ತು ನಿಮಗ?"

"ಆ ಸೈಟಿನಾಗ ಅದಕ್ಕಿಂತ ಚಲೋ ಬರಹ ಇಲ್ರಿ. ಎಲ್ಲಾರೂ ಓದಲಿ ಅನಿಸ್ತು. ನೀವು ಬರೆದದ್ದೆಲ್ಲಾ ಹುಡುಕಿ ಹುಡುಕಿ ಓದೇನಿ."

"ಓದಿ ದಿನಾ ತಕರಾರು ತಗೀತಿದ್ರಿ."

ಅವನು ಕಿವಿಯವರೆಗೂ ಕೆಂಪಾದ. "ನಿಮ್ಮ ಜೋಡಿ ಮಾತಾಡಾಕ ಬ್ಯಾರೆ ನೆಪ ಎಲ್ಲಿತ್ರಿ?... ನನಗ ನೀವಂದ್ರ ಬಾಳ ಇಷ್ಟ, ತಸ್ಲೀಮ್. ನೋಡೂಕಿಂತ ಮೊದಲ."

ಅವಳ ಎದೆ ಹೊಡೆದುಕೊಂಡಿತು. ಸಿಟ್ಟು ಎಲ್ಲಿದೆ ಎಂದು ಒಳಗೆ ಹುಡುಕಿದಳು. ಸ್ವಲ್ಪ ಸಿಕ್ಕಿತು, ಬಿಡಲಿಲ್ಲ.

"ಇನ್ಮ್ಯಾಲೆ ನನ್ನ ಬರಹಕ್ಕ ನನ್ನ ಕೇಳದ ಕೈ ಹಚ್ಚಿದ್ರ ನೋಡ್ರಿ."

"ಹಚ್ಚಂಗಿಲ್ರಿ. ಸಿಟ್ಟು ಹೋತೇನು?"

"ಎಲ್ಲಿ ಹೋಗತೈತಿ? ಬೈಯೂದು ಇನ್ನೂ ಬಾಳ ಐತಿ."

"ಬೈರಿ. ಕುಂತ ಕೇಳ್ತೀನಿ."

"ಇಲ್ಲಿ ಬ್ಯಾಡ," ಅವಳು ದುಪಟ್ಟಾ ಸರಿಮಾಡಿಕೊಂಡು ಬೇರೆಡೆ ನೋಡಿದಳು. "ಹಬ್ಬ ಆದಮ್ಯಾಲೆ ರಾಣೆಬೆನ್ನೂರಿಂದ ನಿಮ್ಮ ಅಮ್ಮೀನ್ನ ಕರ್ಕೊಂಡು ಬರ್ರಿ. ಅವರ ಮುಂದನ ಬೈತೀನಿ."