ಪಾದದಡಿಯ ಚಿಂದಿ

ಕೆಳಗಂಗಡಿಯ ಟೈಲರಕ್ಕ ಮೆಟ್ಟಿಲೇರಿ ಬಂದು ನಮ್ಮ ಬಾಗಿಲಲ್ಲೇ ಕುಸಿದು ಕೂತಳು. ಆನ್‌ಲೈನ್‌ನಲ್ಲಿ ಹಳೆಯ ಹೊಲಿಗೆ ಯಂತ್ರ ಕೊಂಡಿದ್ದಳು; ಪೆಟ್ಟಿಗೆ ಬಿಚ್ಚಿದರೆ ತುಕ್ಕು ಹಿಡಿದ ಬೇರೆಯೇ ಯಂತ್ರ. ನಮ್ಮ ದೊಡ್ಡಮ್ಮ ಈ ಕಟ್ಟಡದ ಖಾಯಂ ಪತ್ತೇದಾರಿಣಿ. ಕಳೆದ ಬೀಗದ ಕೈಯಿಂದ ಹಿಡಿದು ಕದ್ದ ಚಪ್ಪಲಿಯವರೆಗೆ ಎಲ್ಲ ದೂರೂ ಅವಳಿಗೇ ಬರುತ್ತಿತ್ತು. ಅವಳ ಬಾಲವಾಗಿ ನಾನಿದ್ದೆ.

ಮಾರುವವನಿಗೆ ನೇರವಾಗಿ ಹಣ ಕಳಿಸಬೇಡ, ಸಾಮಾನು ನೋಡಿ ನೀನು ಸರಿ ಅನ್ನುವವರೆಗೆ ಜಾಲತಾಣದ ಬಳಿಯೇ ಇರಲಿ ಎಂದು ಅಕ್ಕನಿಗೆ ಬುದ್ಧಿ ಹೇಳಿದವಳೂ ದೊಡ್ಡಮ್ಮನೇ. ಹಾಗಾಗಿ ಅಕ್ಕನ ಹಣ ಭದ್ರವಾಗಿತ್ತು. ದೂರು ಕೊಟ್ಟರೆ ವಾಪಸ್ ಬರುತ್ತಿತ್ತು. ಆದರೆ ಮಾರಿದವನ ಪಾಲಿಗೆ ಯಂತ್ರವೂ ಇಲ್ಲ, ಹಣವೂ ಇಲ್ಲ. ಸೈಕಲ್ ರಿಪೇರಿ ಮಾಡುವ ಆತ ಸುದ್ದಿ ಕೇಳಿ ಓಡಿ ಬಂದಿದ್ದ. ಅದು ತೀರಿಹೋದ ಹೆಂಡತಿಯ ಯಂತ್ರ. ಆ ಹಣದಿಂದ ಮಗಳನ್ನು ನರ್ಸಿಂಗ್‌ಗೆ ಸೇರಿಸಬೇಕಿತ್ತು.

"ನಾನೇ ಕೈಯಾರೆ ಪ್ಯಾಕ್ ಮಾಡಿದ್ದು ಅಮ್ಮಾ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು," ಎಂದ.

ಅಂಗಡಿಗೆ ಇಳಿದೆವು. ಬೂದು ಗೆರೆಯ ಪರದೆ ಬಟ್ಟೆಯ ರಾಶಿ ದಾಟಿ ಒಳಗೆ ಹೋಗಬೇಕಾಯಿತು. ಅದನ್ನು ಬೆಳಿಗ್ಗೆಯಷ್ಟೇ ಕತ್ತರಿಸಿದ್ದು ಎಂದಳು ಅಕ್ಕ. ಅಕ್ಕನ ತಮ್ಮ ತಲೆಯೆತ್ತದೆ ಹೊಲಿಯುತ್ತಿದ್ದ. ಆಮೇಲೆ ಅಕ್ಕ ಗುಂಡಿ ತರಲು ಹೋಗಿದ್ದಾಗ ಪಾರ್ಸೆಲ್ ತೆಗೆದುಕೊಂಡವನು ಅವನೇ. ಕರೆಸಿದ ಪಾರ್ಸೆಲ್‌ನವನು, ತಾನು ಹೊಸ್ತಿಲನ್ನೇ ದಾಟಿಲ್ಲವೆಂದ.

ದೊಡ್ಡಮ್ಮ ತುಕ್ಕು ಹಿಡಿದ ಯಂತ್ರವನ್ನು ಪೆಟ್ಟಿಗೆಯ ಥರ್ಮಾಕೋಲಿನ ಗುಳಿಯಲ್ಲಿಟ್ಟು ಅಲ್ಲಾಡಿಸಿದಳು. ಗಡಗಡ ಎಂದಿತು. ಆಮೇಲೆ ಬಟ್ಟೆ ಒತ್ತುವ ಪಾದವನ್ನೆತ್ತಿ ಏನನ್ನೋ ಎಳೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಪಾರ್ಸೆಲ್‌ನವನದೇ ಕೈವಾಡ ಎಂದು ನಾನು ಪಿಸುಗುಟ್ಟಿದೆ. ಅವಸರಕ್ಕೆ ಹುಟ್ಟಿದವಳೇ ಎಂದು ಬೈದು ಎಲ್ಲರನ್ನೂ ಕೂರಿಸಿದಳು.

"ಈ ಗುಳಿ ದೊಡ್ಡ ಯಂತ್ರದ ಅಳತೆಗೆ ಕೊರೆದದ್ದು. ಅಂದ್ಮೇಲೆ ಇವರು ಸರಿಯಾದ್ದನ್ನೇ ಕಳಿಸಿದಾರೆ, ಬದಲಾಗಿದ್ದು ಆಮೇಲೆ," ಎಂದಳು. ಮುಷ್ಟಿ ಬಿಚ್ಚಿದಳು. ಒಳಗೆ ಬೂದು ಗೆರೆಯ ಚಿಂದಿ. "ಕೆಲಸ ಮುಗಿದ್ಮೇಲೆ ಬಟ್ಟೆ ತಳ್ಳೋ ಹಲ್ಲು ಸವೀಬಾರ್ದು ಅಂತ ಪಾದದಡಿ ಚಿಂದಿ ಇಡೋದು ಹೊಲಿಯೋರ ಅಭ್ಯಾಸ. ಸೈಕಲ್‌ನವರಿಗೆ, ಪಾರ್ಸೆಲ್‌ನವರಿಗೆ ಅದು ಗೊತ್ತಿಲ್ಲ. ಗೊತ್ತಿದ್ರೂ ಇವತ್ತು ಇಲ್ಲಿ ಕತ್ತರಿಸಿದ ಬಟ್ಟೆ ಅವರಿಗೆಲ್ಲಿ ಸಿಗುತ್ತೆ? ಗುಜರಿ ಯಂತ್ರ ಅಂತ ಗೊತ್ತಿದ್ರೂ ಅಭ್ಯಾಸದ ಕೈ ಸುಮ್ಮನಿರಲಿಲ್ಲ, ಅಲ್ವೇನೋ ತಮ್ಮಾ?"

ತಮ್ಮನ ಯಂತ್ರ ನಿಂತಿತು.

"ಗುಜರಿಯಿಂದ ತಂದದ್ದನ್ನ ಪೆಟ್ಟಿಗೇಲಿಟ್ರೆ ದುಡ್ಡು ಹೇಗೂ ವಾಪಸ್ ಬರುತ್ತೆ, ಒಳ್ಳೆ ಯಂತ್ರ ಅಕ್ಕನಿಗೆ ಪುಕ್ಕಟೆ ಅಂದ್ಕೊಂಡೆ. ನಷ್ಟ ಆದ್ರೆ ಆ ಕಂಪನಿಗೆ ತಾನೇ..."

ಅಕ್ಕ ಸೈಕಲ್‌ನವನ ಕಡೆ ಕೈ ತೋರಿಸಿದಳು. "ನೋಡು, ನಿನ್ನ ಕಂಪನಿ ಅಲ್ಲಿ ಕೂತಿದೆ."

ಪರದೆ ಬಟ್ಟೆಯ ರಾಶಿಯಡಿಯಿಂದ ನಿಜವಾದ ಯಂತ್ರ ಹೊರಬಂತು. ಅಕ್ಕ ಆಗಲೇ ಫೋನ್ ತೆಗೆದು, ಸಾಮಾನು ಸರಿಯಾಗಿ ತಲುಪಿದೆ ಎಂದು ಒತ್ತಿದಳು. ಸೈಕಲ್‌ನವನು ಮಗಳಿಗೆ ಫೋನ್ ಮಾಡಲು ಹೊರಗೆ ಹೋದ.

ದೊಡ್ಡಮ್ಮ ಆ ಚಿಂದಿಯನ್ನು ತಮ್ಮನ ಕೈಗೆ ಕೊಟ್ಟಳು. ಅವನು ತಲೆ ತಗ್ಗಿಸಿಕೊಂಡೇ ಎದ್ದು, ತೀರಿಹೋದ ಆ ಹೆಂಗಸಿನ ಯಂತ್ರದ ಪಾದವನ್ನೆತ್ತಿ ಚಿಂದಿಯನ್ನು ಮೆಲ್ಲಗೆ ಅದರಡಿ ಇಟ್ಟ.