ತಂಗಿ ಎಂದು ಕರೆದವನು

ಕಾವಲಿ ಹಾಳಾಗಿದೆ ಎಂದು ಅವನು ಅಂಗಡಿಗೆ ಬಂದಾಗ ನಾನು ಹಸಿದಿದ್ದೆ. ಹಸಿದಾಗ ನನ್ನ ಹತ್ತಿರ ಯಾರೂ ದೂರು ತರಬಾರದು.

ಪರ್ಕಳ ಪೇಟೆಯಲ್ಲಿ ನಮ್ಮದೊಂದು ಪಾತ್ರೆ ಅಂಗಡಿ. ಗಲ್ಲೆಯಲ್ಲಿ ಕೂರುವುದು ಅಮ್ಮ, ಹರಿಣಾಕ್ಷಿ. ಪಾತ್ರೆ ಇಳಿಸುವುದು, ತೋರಿಸುವುದು, ಜಗಳ ಮಾಡುವುದು ನಾನು. ಅವನು ಪೇಪರಿನಲ್ಲಿ ಸುತ್ತಿದ್ದ ಕಬ್ಬಿಣದ ಕಾವಲಿಯನ್ನು ಬಿಚ್ಚಿ ನನ್ನ ಮುಂದೆ ಇಟ್ಟ.

"ನೀವೇ ಕೊಟ್ಟದ್ದು ಇದು. ನೀರುದೋಸೆ ಹೊಯ್ದರೆ ಏಳುವುದೇ ಇಲ್ಲ."

ಕಾವಲಿಯನ್ನು ತಿರುಗಿಸಿ ನೋಡಿದೆ. ತಿಕ್ಕಿ ತಿಕ್ಕಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಸಾಲದ್ದಕ್ಕೆ ಸೋಪಿನ ಪರಿಮಳ.

"ಇದನ್ನು ತೊಳೆದದ್ದು ಯಾರು?"

"ನಾನೇ. ದಿನಾ ಸ್ಟೀಲ್ ನಾರು ಹಾಕಿ ತಿಕ್ಕುತ್ತೇನೆ. ಕ್ಲೀನ್ ಇರಬೇಕು ಅಲ್ವಾ?"

"ಕಬ್ಬಿಣದ ಕಾವಲಿಯನ್ನು ಯಾರಾದರೂ ಸೋಪು ಹಾಕಿ ತಿಕ್ಕುತ್ತಾರಾ? ಕಾವಲಿ ಪಳಗಬೇಕು ಮಾರಾಯರೇ. ಮೊದಲು ಅಕ್ಕಿ ತೊಳೆದ ನೀರು ಹಾಕಿ ಚೆನ್ನಾಗಿ ಕುದಿಸಿ ಚೆಲ್ಲಿ. ಒಣಗಿಸಿ. ಆಮೇಲೆ ಎಣ್ಣೆ ಸವರಿ, ಸಣ್ಣ ಬೆಂಕಿಯಲ್ಲಿ ಅರ್ಧ ನೀರುಳ್ಳಿಯಿಂದ ಉಜ್ಜುತ್ತಾ ಇರಿ, ನೀರುಳ್ಳಿ ಕಪ್ಪಾಗುವ ತನಕ. ಮೊದಲನೇ ದೋಸೆ ಕಾಗೆಗೆ ಹಾಕಿ. ಇನ್ನು ಮೇಲೆ ಬಟ್ಟೆಯಲ್ಲಿ ಒರೆಸಿಡುವುದು, ಅಷ್ಟೇ."

ಅವನು ಶಾಲೆಯ ಹುಡುಗನಂತೆ ತಲೆಯಾಡಿಸಿದ. ಹೋಗುವಾಗ ಮೆಟ್ಟಿಲಿನಲ್ಲಿ ನಿಂತು ಹಿಂತಿರುಗಿ ಕೇಳಿದ, "ನೀರುಳ್ಳಿ ಉದ್ದಕ್ಕೆ ಕೊಯ್ಯುವುದಾ, ಅಡ್ಡಕ್ಕಾ?"

ಇವನು ತಮಾಷೆ ಮಾಡುತ್ತಿದ್ದಾನೋ, ನಿಜವಾಗಿಯೂ ಪೆದ್ದನೋ ಎಂದು ನನಗೆ ಆವತ್ತು ಗೊತ್ತಾಗಲಿಲ್ಲ.

ಎರಡು ದಿನ ಕಳೆದು ಮತ್ತೆ ಬಂದ. ಬಾಗಿಲಿನಲ್ಲೇ ನಿಂತು, "ಎದ್ದಿತು" ಎಂದ.

"ಎಂತದು?"

"ದೋಸೆ."

ಹೇಳಿ ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮೊದಲೇ ಸಣ್ಣದಾಗುತ್ತದೆ. ಅಷ್ಟೆಲ್ಲ ನೋಡುವ ಅಗತ್ಯ ನನಗಿರಲಿಲ್ಲ. ಆದರೂ ನೋಡಿದೆ.

ಹೆಸರು ಪ್ರಖ್ಯಾತ್. ಊರು ಕಾಪು. ಮಣಿಪಾಲದ ಅಪಾರ್ಟ್‌ಮೆಂಟುಗಳ ಲಿಫ್ಟ್ ರಿಪೇರಿ ಮಾಡುವ ಕಂಪೆನಿಯಲ್ಲಿ ಕೆಲಸ. ನಮ್ಮ ಅಂಗಡಿಯ ಹಿಂದಿನ ರಸ್ತೆಯಲ್ಲಿ ಬಾಡಿಗೆ ರೂಮು. ಇಬ್ಬರಿಗೂ ತುಳು ಬರುತ್ತದೆ ಎಂದು ಬೇಗನೆ ಗೊತ್ತಾಯಿತು, ಆದರೂ ಕನ್ನಡ ಬಿಡಲಿಲ್ಲ. ಮಾತು ಶುರುವಾದದ್ದೇ ಕನ್ನಡದಲ್ಲಿ. ಬದಲಾಯಿಸಿದರೆ ಹತ್ತಿರ ಬಂದ ಹಾಗಾಗುತ್ತದೆ ಎಂದು ಇಬ್ಬರಿಗೂ ನಾಚಿಕೆ.

ಆಮೇಲೆ ಅವನ ರೂಮಿನಲ್ಲಿ ಒಂದಲ್ಲ ಒಂದು ಅನಾಹುತ. ಹಲಸಿನ ಮೇಣ ಕೈಗೆ ಅಂಟಿ ಸ್ಕೂಟರಿನ ಹ್ಯಾಂಡಲ್‌ಗೂ ಅಂಟಿತು.

"ಕೊಯ್ಯುವ ಮೊದಲೇ ಕೈಗೆ, ಚೂರಿಗೆ ತೆಂಗಿನೆಣ್ಣೆ ಹಚ್ಚಬೇಕು" ಎಂದೆ.

ಗಂಜಿ ತಳ ಹಿಡಿಯಿತು. ಹುಣಸೆಹುಳಿ ಕಿವುಚಿದ ನೀರು ಹಾಕಿ ಕುದಿಸಿ ಎಂದೆ. ಬೀರುವಿನಲ್ಲಿದ್ದ ಅಂಗಿಗೆ ಬೂಷ್ಟು ಹಿಡಿಯಿತು. ತೆಂಗಿನ ಗೆರಟೆಯ ಇದ್ದಿಲನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ ಎಂದೆ. ನಾನು ಹೇಳುವಾಗ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಕಣ್ಣೆತ್ತಿದ ಕೂಡಲೇ ಮೇಲೆ ತೂಗುಹಾಕಿದ್ದ ಸಟ್ಟುಗಗಳನ್ನು ನೋಡುತ್ತಿದ್ದ. ಸಟ್ಟುಗಗಳನ್ನು ಅಷ್ಟು ಪ್ರೀತಿಯಿಂದ ನೋಡುವ ಗಂಡಸನ್ನು ನಾನಂತೂ ಕಂಡಿರಲಿಲ್ಲ.

ಒಂದು ಸಂಜೆ ಬಂದು, "ಉಪ್ಪು ಮತ್ತೆ ನೀರಾಯಿತು" ಎಂದ.

"ಡಬ್ಬಕ್ಕೆ ನಾಲ್ಕು ಅಕ್ಕಿ ಕಾಳು ಹಾಕಲು ಹೇಳಿದ್ದೆನಲ್ಲ? ಹಾಕಿದಿರಾ?"

"ಹಾಕಿದೆ."

"ಹಾಗಾದರೆ ನೀರಾಗಲಿಕ್ಕಿಲ್ಲ."

"ಆಗಲಿಲ್ಲ."

"ಮತ್ತೆ?"

ಅವನು ಸಟ್ಟುಗಗಳ ಕಡೆ ನೋಡಲಿಲ್ಲ. ಈ ಸಲ ನನ್ನನ್ನೇ ನೋಡಿ ಮೆಲ್ಲಗೆ ಕೇಳಿದ, "ಮತ್ತೆ ಎಂತ ಹೇಳಿ ಬರುವುದು?"

ನನ್ನ ಕೈಯಿಂದ ಮುಚ್ಚಳ ಜಾರಿ ನೆಲದ ಮೇಲೆ ಗಿರಗಿರನೆ ತಿರುಗಿತು. ಗಲ್ಲೆಯಿಂದ ಅಮ್ಮ, "ಎಂತ ಬಿದ್ದದ್ದು ವಿಜಿ?" ಎಂದು ಕೂಗಿದಳು. ಬಿದ್ದದ್ದು ನಾನೇ ಎಂದು ಹೇಳಲಾಗುತ್ತದೆಯೇ? ಮುಚ್ಚಳ ಎಂದೆ.

"ಭಾನುವಾರ ಊರಿಗೆ ಹೋಗಿ ನನ್ನ ಅಮ್ಮನ ಹತ್ತಿರ ಮಾತಾಡುತ್ತೇನೆ" ಎಂದ ಅವನು. "ಆಮೇಲೆ ನಿಮ್ಮ ಹತ್ತಿರ ಒಂದು ವಿಷಯ ಹೇಳುವುದು ಉಂಟು."

ಆ ಭಾನುವಾರ ಕಳೆಯಿತು. ಅವನು ಬರಲಿಲ್ಲ. ಬುಧವಾರ ಬೆಳಿಗ್ಗೆ ಒಬ್ಬರು ಹೆಂಗಸು ಇಡ್ಲಿ ಬೇಯಿಸುವ ಅಳಗೆ ಕೇಳಿಕೊಂಡು ಬಂದರು. ಅಳಗೆಯ ತಳ ನೋಡದೆ ನನ್ನ ಮುಖ ನೋಡುತ್ತಿದ್ದರು. ಹೊಸ ಅಳಗೆಯಲ್ಲಿ ನೀರು ಬತ್ತಿದರೆ ಗೊತ್ತಾಗಲು ತಳದಲ್ಲಿ ಒಂದು ನಾಣ್ಯ ಹಾಕಿ, ಅದರ ಸದ್ದು ನಿಂತರೆ ನೀರು ಮುಗಿಯಿತು ಎಂದರ್ಥ ಎಂದು ಹೇಳಿಕೊಟ್ಟೆ. ಅವರಿಗೆ ಬಹಳ ಸಂತೋಷವಾಯಿತು. ಅಮ್ಮನ ಕಡೆ ತಿರುಗಿದರು.

"ನಿಮ್ಮ ಮಗಳಾ?"

"ಹೌದು, ನನ್ನ ಮಗಳು" ಎಂದಳು ಅಮ್ಮ. ಆ ಮಾತನ್ನು ಹೇಳುವಾಗ ಅಮ್ಮ ಯಾವಾಗಲೂ ಸ್ವಲ್ಪ ನೆಟ್ಟಗೆ ಕೂರುತ್ತಾಳೆ.

"ನಿಮ್ಮದು ಬರಿ ಯಾವುದು?"

"ನಾನು ಕರ್ಕೇರ."

"ಅಯ್ಯೋ ದೇವರೇ, ನಾನೂ ಕರ್ಕೇರ!"

ನಮ್ಮಲ್ಲಿ ಬರಿ ಎಂದರೆ ಬಳಿ, ಕುಲದ ಹೆಸರು. ಅದು ಬರುವುದು ತಾಯಿಯಿಂದ. ಒಂದೇ ಬರಿಯವರೆಂದರೆ ಕಂಡು ಕೇಳರಿಯದವರೂ ಒಡಹುಟ್ಟಿದವರೇ. ಅಕ್ಕತಂಗಿಯರಿಲ್ಲದೆ ಬೆಳೆದ ನನ್ನ ಅಮ್ಮ ಆ ಕ್ಷಣಕ್ಕೇ ಅವರನ್ನು ಅಕ್ಕ ಎಂದಳು. ಪಕ್ಕದ ಹೋಟೆಲಿನಿಂದ ಚಹಾ ಬಂತು, ಬನ್ಸ್ ಬಂತು. ಹೆಸರು ಬೇಬಿ, ತವರು ಶಿರ್ವದ ಹತ್ತಿರ ಎಂದರು. ಫೋನ್ ನಂಬರು ಕೊಟ್ಟು ತೆಗೆದುಕೊಂಡರು. ಆದರೆ ಹೊರಡುವಾಗ ಆ ಹೆಂಗಸಿನ ಮುಖ ಸಪ್ಪಗಾಗಿತ್ತು. ನನ್ನ ಕೆನ್ನೆ ಸವರಿ, "ಚಂದದ ಹುಡುಗಿ. ಏನು ಮಾಡುವುದು, ನಮ್ಮ ಮನೆಯ ಹುಡುಗಿಯೇ ಆದೆಯಲ್ಲ" ಎಂದರು. ಬನ್ಸ್ ತಿಂದು ಯಾರಾದರೂ ಬೇಸರ ಮಾಡುತ್ತಾರಾ ಎಂದು ನಾನು ಯೋಚಿಸಿದೆ.

ಮರುದಿನ ಪ್ರಖ್ಯಾತ್ ಬಂದ. ಗಡ್ಡ ಬಿಟ್ಟಿದ್ದ. ನೆಲ ನೋಡುತ್ತಾ ಹೇಳಿದ:

"ತಂಗೀ, ಒಂದು ಸೌಟು ಕೊಡು."

ನಾನು ಸೌಟು ಕೊಟ್ಟೆ. ಅವನು ಹೋದ ಮೇಲೂ ಕೈ ಚಾಚಿಕೊಂಡೇ ನಿಂತಿದ್ದೆನಂತೆ, ಅಮ್ಮ ಆಮೇಲೆ ಹೇಳಿದಳು. "ನೀವು" ಹೋಗಿ "ನೀನು" ಬಂತಲ್ಲ ಎಂದು ಹಿಗ್ಗಬೇಕೋ, ಜೊತೆಗೆ ತಂಗಿಯೂ ಬಂದಳಲ್ಲ ಎಂದು ಅಳಬೇಕೋ? ಊರಿಗೆ ಹೋಗಿ ಬೇರೆ ಹುಡುಗಿಯನ್ನು ಒಪ್ಪಿಕೊಂಡನೇ? ಹಾಗಾದರೆ ಗಡ್ಡ ಯಾಕೆ? ಒಪ್ಪಿಕೊಂಡವನು ಶೇವ್ ಮಾಡುವುದಿಲ್ಲವೇ? ನನ್ನನ್ನು ಕಂಡರೆ ಆಗದಿದ್ದರೆ ಸೌಟಿಗೆ ಮಣಿಪಾಲದಲ್ಲಿ ಅಂಗಡಿ ಇರಲಿಲ್ಲವೇ? ಆ ವಾರ ನಾನು ಕುಕ್ಕರಿನ ಗಿರಾಕಿಗೆ ಗ್ಯಾಸ್ಕೆಟ್ ಹಾಕದೆ ಕೊಟ್ಟೆ, ಲೋಟ ಕೇಳಿದವರಿಗೆ ತಟ್ಟೆ ಇಳಿಸಿದೆ. ಅಳು ಬಂದಾಗಲೆಲ್ಲ ಮಹಡಿಗೆ ಹೋಗಿ ಹಿತ್ತಾಳೆ ಪಾತ್ರೆಗಳ ಧೂಳು ಒರೆಸಿದೆ. ಅವು ಹಿಂದೆಂದೂ ಅಷ್ಟು ಹೊಳೆದಿರಲಿಲ್ಲ.

ಮಣಿಪಾಲದ ಒಂದು ಅಪಾರ್ಟ್‌ಮೆಂಟಿಗೆ ದೊಡ್ಡ ಕುಕ್ಕರ್ ತಲುಪಿಸಲು ಹೋದಾಗ ಅವನು ಸಿಕ್ಕಿದ. ಲಿಫ್ಟ್ ನಿಂತಿತ್ತು. ಅದರ ತೆರೆದ ಬಾಗಿಲಿನ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕುಳಿತಿದ್ದವನು ಪ್ರಖ್ಯಾತ್. ನಾನು ಕುಕ್ಕರನ್ನು ಅವನ ಹತ್ತಿರವೇ ಇಟ್ಟು ದಾರಿಗೆ ಅಡ್ಡವಾಗಿ ನಿಂತೆ.

"ನಾನು ಯಾವಾಗಿನಿಂದ ನಿಮ್ಮ ತಂಗಿ?"

"ಹುಟ್ಟಿದಾಗಿನಿಂದ" ಎಂದ ಅವನು. ಅವನ ಕಣ್ಣು ಕೆಂಪಾಗಿತ್ತು. "ನನ್ನ ಅಮ್ಮ ನಿಮ್ಮನ್ನು ನೋಡಲಿಕ್ಕೆ ಬಂದಿದ್ದರು. ಅಳಗೆಗೆ ಅಂತ ಹೇಳಿ. ನೀವು ತುಂಬ ಇಷ್ಟ ಆದಿರಿ ಅವರಿಗೆ. ಬರಿ ಕೇಳಿದರಂತೆ. ನಿಮ್ಮ ಅಮ್ಮ ಕರ್ಕೇರ, ನನ್ನ ಅಮ್ಮ ಕರ್ಕೇರ. ಮತ್ತೆ ಎಂತ ಉಂಟು ಹೇಳಲಿಕ್ಕೆ?"

"ಬೇಬಿ... ನಿಮ್ಮ ಅಮ್ಮನಾ?"

"ಹೌದು. ಆವತ್ತಿನಿಂದ ಅವರೂ ಸರಿ ಊಟ ಮಾಡುತ್ತಿಲ್ಲ. ತಂಗಿ, ತಂಗಿ ಅಂತ ಹೇಳಿದರೆ ಮನಸ್ಸು ಕೇಳುತ್ತದೆ ಅಂತ ನೋಡಿದೆ. ಅದು ಕೇಳುವುದಿಲ್ಲ."

ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಎಲ್ಲವನ್ನೂ ಸರಿಮಾಡಬಲ್ಲ ಒಂದು ವಾಕ್ಯ ನನ್ನ ನಾಲಗೆಯ ತುದಿಯಲ್ಲೇ ಇತ್ತು: ಹರಿಣಾಕ್ಷಿ ನನ್ನನ್ನು ಹೆತ್ತ ತಾಯಿ ಅಲ್ಲ.

ಹೇಳಲಿಲ್ಲ. ಕುಕ್ಕರ್ ಎತ್ತಿಕೊಂಡು ಮೆಟ್ಟಿಲು ಹತ್ತಿದೆ.

ನನ್ನನ್ನು ಹೆತ್ತವಳು ಸುವರ್ಣ ಬರಿಯವಳು. ನನಗೆ ಮಾತು ಬರುವ ಮೊದಲೇ ತೀರಿಕೊಂಡಳು. ನನಗೆ ಬುದ್ಧಿ ಬಂದಾಗ ಕಂಡದ್ದು ಹರಿಣಾಕ್ಷಿಯ ಮಡಿಲು. ಕಾರ್ಕಳದಲ್ಲಿದ್ದಾಗ ಯಾವ ಸಮಾರಂಭಕ್ಕೆ ಹೋದರೂ ಒಬ್ಬರಾದರೂ ನನ್ನ ತಲೆ ಸವರಿ, "ಪಾಪ, ಮಲತಾಯಿಯ ಕೈಯಲ್ಲಿ ಬೆಳೆಯುವ ಮಗು" ಎನ್ನುತ್ತಿದ್ದರು. ನನಗೆ ಟೈಫಾಯ್ಡ್ ಬಂದು ಅಮ್ಮ ನಿದ್ದೆಗೆಟ್ಟು ಕುಳಿತಿದ್ದಾಗ ಒಬ್ಬರು ಅವಳ ಮುಖಕ್ಕೇ ಹೇಳಿದ್ದರು, "ಹೆತ್ತ ಹೊಟ್ಟೆಯ ಸಂಕಟ ನಿಮಗೆ ಹೇಗೆ ಗೊತ್ತಾಗಬೇಕು?" ಅಮ್ಮ ನನ್ನ ಹಣೆಯ ಒದ್ದೆ ಬಟ್ಟೆ ಬದಲಾಯಿಸಿದಳು.

ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೇ ಪರ್ಕಳಕ್ಕೆ ಬಂದೆವು. ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಇಲ್ಲಿ ಅವಳು ಬರೀ ಅಮ್ಮ. ಒಬ್ಬ ಹುಡುಗನಿಗಾಗಿ ಅದನ್ನು ಅವಳಿಂದ ಕಿತ್ತುಕೊಳ್ಳುವುದು ಹೇಗೆ? ಕಿತ್ತುಕೊಳ್ಳದೆ ಅವನನ್ನು ಬಿಡುವುದು ಹೇಗೆ? ನನಗೆ ಅವನು ಬೇಕಿತ್ತು. ತುಂಬ ಬೇಕಿತ್ತು.

ಶನಿವಾರ ಮಧ್ಯಾಹ್ನ ಅವನೇ ಅಂಗಡಿಗೆ ಬಂದ. ನನ್ನನ್ನು ನೋಡದೆ ಅಮ್ಮನ ಮುಂದೆ ನಿಂತ.

"ಚಿಕ್ಕಮ್ಮ, ನಾನು ರೂಮ್ ಬಿಡುತ್ತೇನೆ. ಕಾರ್ಕಳದ ಕಡೆಯ ಕೆಲಸ ಕೇಳಿ ತೆಗೆದುಕೊಂಡಿದ್ದೇನೆ. ಹೇಳಿ ಹೋಗುವ ಅಂತ ಬಂದೆ."

"ಯಾಕೆ ಮಾರಾಯ? ಈಗಷ್ಟೇ ದೋಸೆ ಸರಿ ಬರಲಿಕ್ಕೆ ಶುರುವಾಯಿತು" ಎಂದು ಅಮ್ಮ ನಕ್ಕಳು. ನಂತರ ನಗು ನಿಲ್ಲಿಸಿದಳು. "ನಾನು ಯಾವಾಗ ನಿನಗೆ ಚಿಕ್ಕಮ್ಮ ಆದದ್ದು?"

"ನಾನು ಬೇಬಿಯವರ ಮಗ. ನೀವೂ ಅಮ್ಮನೂ ಒಂದೇ ಬರಿ ಅಲ್ವಾ? ಒಂದೇ ಅಲ್ಲದಿದ್ದರೆ ಆವತ್ತೇ ಹುಡುಗಿ ಕೇಳುತ್ತಿದ್ದರು."

ಅಮ್ಮ ಅವನನ್ನು ನೋಡಿದಳು. ನನ್ನನ್ನು ನೋಡಿದಳು. ನನ್ನ ಬಾಡಿದ ಮುಖ, ಮಹಡಿಯಲ್ಲಿ ಹೊಳೆಯುವ ಹಿತ್ತಾಳೆ, ಲೋಟ ಕೇಳಿದಲ್ಲಿ ತಟ್ಟೆ, ಎಲ್ಲವೂ ಅವಳ ಲೆಕ್ಕಕ್ಕೆ ಆಗ ಸಿಕ್ಕಿರಬೇಕು.

"ವಿಜಿ, ನಿನಗೆ ಇದು ಗೊತ್ತಿತ್ತಾ?"

"ಹೂಂ."

"ಮತ್ತೆ ನೀನು ಯಾಕೆ ಹೇಳಲಿಲ್ಲ?"

"ಎಂತ ಹೇಳುವುದು?" ಎಂದೆ. "ಯಾರ ಎದುರು ನಿಂತು ಹೇಳಬೇಕಿತ್ತು ಅಮ್ಮ, ನೀನು ನನ್ನ ಅಮ್ಮ ಅಲ್ಲ ಅಂತ?"

ಪ್ರಖ್ಯಾತ್ ಏನೂ ಅರ್ಥವಾಗದೆ ನಮ್ಮಿಬ್ಬರನ್ನೂ ನೋಡುತ್ತಿದ್ದ. ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಹುಚ್ಚಿ" ಎಂದಳು. ಫೋನ್ ತೆಗೆದು ಸ್ಪೀಕರ್ ಒತ್ತಿದಳು. ಸ್ಪೀಕರ್ ಇಲ್ಲದೆ ಅವಳಿಗೆ ಮಾತಾಡಲು ಬರುವುದಿಲ್ಲ.

"ಬೇಬಿ ಅಕ್ಕ, ಹರಿಣಾಕ್ಷಿ ಮಾತಾಡುವುದು. ಆವತ್ತು ನೀವು ಬರಿ ಕೇಳಿದಿರಿ, ನಾನು ನನ್ನದು ಹೇಳಿದೆ. ಮಗಳಿಗಾಗಿ ಕೇಳುವುದು ಅಂತ ನನಗೆ ಗೊತ್ತಾಗಲಿಲ್ಲ. ವಿಜಿಯದ್ದು ಸುವರ್ಣ ಬರಿ." ಒಮ್ಮೆ ಉಸಿರೆಳೆದಳು. ಅಂಗಡಿಯಲ್ಲಿ ಬಕೆಟ್ ಆರಿಸುತ್ತಿದ್ದ ಇಬ್ಬರು ಹೆಂಗಸರೂ ತಿರುಗಿ ನೋಡಿದರು. ಅಮ್ಮ ದನಿ ತಗ್ಗಿಸಲಿಲ್ಲ. "ಅವಳನ್ನು ಹೆತ್ತದ್ದು ನಾನಲ್ಲ. ಹೆತ್ತವಳು ಬರಿ ಕೊಟ್ಟು ಹೋದಳು. ಸಾಕಿದ್ದು ನಾನು. ನಾಳೆ ಧಾರೆ ಎರೆಯುವುದೂ ನಾನೇ."

ಆ ಕಡೆಯಿಂದ ಬೇಬಿಯವರ ದನಿ ಬಂತು, ಅರ್ಧ ಅಳು, ಅರ್ಧ ನಗು.

"ಹಾಗಾದರೆ ಹರಿಣಾಕ್ಷಿ, ನೀನು ನನಗೆ ತಂಗಿಯೋ ಬೀಗಿತಿಯೋ?"

"ಎರಡೂ. ನಿಮ್ಮ ಮಗ ನನಗೂ ಮಗನೇ. ನನ್ನ ಮಗಳು ಮಾತ್ರ ಅವನಿಗೆ ತಂಗಿ ಅಲ್ಲ."

ಅವರಿಬ್ಬರೂ ಮಾತು ಮುಂದುವರಿಸಿದರು. ನಾನು ಹೊರಗೆ ಬಂದು ಮೆಟ್ಟಿಲಿನಲ್ಲಿ ನಿಂತೆ. ಕಣ್ಣೀರು ನಿಲ್ಲಲಿಲ್ಲ. ಅವನೂ ಬಂದು ಪಕ್ಕದಲ್ಲಿ ನಿಂತ. ಉಡುಪಿಗೆ ಹೋಗುವ ಬಸ್ಸೊಂದು ಕಂಡಕ್ಟರನ ಕೂಗಿನೊಂದಿಗೆ ಮುಂದೆ ಹೋಯಿತು.

"ನನಗೆ ತಲೆ ತಿರುಗುತ್ತಾ ಉಂಟು" ಎಂದ ಪ್ರಖ್ಯಾತ್. "ಒಳಗೆ ಇರುವುದು ನನ್ನ ಚಿಕ್ಕಮ್ಮನಾ, ಅತ್ತೆಯಾ?"

"ಅದು ಆಮೇಲೆ. ಮೊದಲು ಗಡ್ಡ ತೆಗೆಯಿರಿ."

ಅವನು ನಕ್ಕ. ಎಡಗಣ್ಣು ಮೊದಲು ಸಣ್ಣದಾಯಿತು. ಆಮೇಲೆ ನನ್ನ ಹೆಸರು ಹಿಡಿದು, ಊರಿನಿಂದ ಬಂದು ಹೇಳಬೇಕಿದ್ದ ಮಾತನ್ನು ಹೇಳಿದ. ತುಳುವಿನಲ್ಲಿ ಹೇಳಿದ, ತಡೆದು ತಡೆದು. ನಾನೂ ತುಳುವಿನಲ್ಲೇ ಉತ್ತರ ಕೊಟ್ಟೆ. ಏನೆಂದು ಬರೆಯುವುದಿಲ್ಲ, ಅದು ನಮ್ಮಿಬ್ಬರದ್ದು.

ಸಂಜೆ ಅಮ್ಮ ಶಟರ್ ಎಳೆದಳು, ನಾನು ಬೀಗ ಹಾಕಿದೆ. ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು, ಅಪ್ಪಿಕೊಂಡೆ, ಪೇಟೆಯ ನಡುವೆಯೇ. ಅವಳು ಬೆನ್ನು ತಟ್ಟಿ, ನನ್ನ ಕಿವಿಯ ಹತ್ತಿರ ಹೇಳಿದಳು.

"ಆ ಮಾತನ್ನು ನಾನು ಹೇಳಿ ಮುಗಿಸಿದ್ದೇನೆ ವಿಜಿ. ನೀನು ಯಾವತ್ತೂ ಹೇಳಬೇಡ."

"ಇಲ್ಲ ಅಮ್ಮ" ಎಂದೆ.