ಪಥ್ಯ ಮುರಿದ ಮಾವ

"ಖಾಲಿ ಕೈಲೆ ಬಂದೀಯೇನೋ ಮಾವ? ಡಬ್ಬಿ ಎಲ್ಲಿ?"

ಬಬಲೇಶ್ವರ ಸಂತ್ಯಾಗ ನಮ್ಮ ಘೋಣಸಗಿ ಮಂದಿನ ಅರ್ಧ ಇರತೈತಿ. ಅಮಸಿದ್ದ ಮಾವ ಆಕಡಿ ಈಕಡಿ ನೋಡಿ ಕಂಬಳ್ಯಾಗ ಮಾರಿ ಮುಚ್ಚಿಕೊಂಡ.

"ಮೆಲ್ಲಕ ಮಾತಾಡ ರಾಚಿ. ಜೀಪಿನ್ಯಾಗ ಮಂದಿ ಡಬ್ಬ್ಯಾಗ ಏನೈತಿ ಅಂದ್ರು. ಉಪ್ಪಿನಕಾಯಿ ಅಂದೆ. ನಮಗೂ ಒಂದೀಟ ಕೊಡು ಅಂದ್ರು. ಹಳ್ಳಕ್ಕ ಒಗದು ಬಂದೆ."

ನಗಬೇಕೋ ಬಡೀಬೇಕೋ ತಿಳೀಲಿಲ್ಲ.

ಮಾವ ಅಂದ್ರ ನಮ್ಮತ್ತಿ ಮಗ, ನನಗ ನಿಶ್ಚಯ ಆದಾವ. ಹ್ವಾದ ವರ್ಷ ಅವರಪ್ಪ ಕರುಳಿನ ಕ್ಯಾನ್ಸರಿನ್ಯಾಗ ತೀರಿಕೊಂಡ. ತೋರಸೂದ್ರಾಗ ತಡಾ ಆಗಿತ್ತು. ಅವಾಗೇ ಡಾಕ್ಟರು, "ಇದು ಮಕ್ಕಳಿಗೂ ಬರಬಹುದು. ಮಗನ ಹೊರಕಡಿ, ಅಂದ್ರ ಮಲ, ಡಬ್ಬ್ಯಾಗ ತಂದು ತಪಾಸ ಮಾಡಸ್ರಿ, ಕಣ್ಣಿಗೆ ಕಾಣಲಾರದ ರಕ್ತ ಇದ್ರ ತಿಳೀತದ. ಮೊದಲಿಗೇ ಸಿಕ್ರ ತಗದು ಹಾಕಬಹುದು" ಅಂದಿದ್ರು. ನೌಕರಿ ಇದ್ದವರಿಗೆ ದವಾಖಾನಿ ಖರ್ಚು ಸರಕಾರ ಕೊಡತೈತಿ. ಕುರಿ ಕಾಯೋರಿಗೆ ಕುರಿ ಕೊಡತಾವೇನು? ನಮಗಿದ್ದದ್ದು ತಿಂಗಳಿಗೊಮ್ಮೆ ಸಂತಿ ದಿನಾ ಬಿಜಾಪುರದಿಂದ ಬರೋ ಧರ್ಮಾರ್ಥ ಡಾಕ್ಟರೊಬ್ಬರೇ.

ಮುಂದಿನ ತಿಂಗಳ ಡಬ್ಬಿ ಬಂತು. ಡಾಕ್ಟರು ಔಷಧ ಹನಿಸಿದ್ರು, ನೀಲಿ ಆತು. "ರಕ್ತ ಅದ" ಅಂದ್ರು.

"ಮೂರು ದಿನ ಖಂಡ ತಿಂದಿಲ್ಲ, ಹೌದಲ್ಲೋ?"

ಮಾವ ನೆಲಾ ನೋಡಿದ. "ತಿಂದೇನ್ರಿ."

"ಹೇಳಿದ್ದೆನಲ್ಲಪಾ! ಖಂಡದ ರಕ್ತಾನೂ ಹಿಂಗ ತೋರಸ್ತದ. ಮುಂದಿನ ತಿಂಗಳ ಬಾ."

ಹೊರಗ ಬಂದಕೂಡ್ಲೆ ಜಗಳಾ ತಗದೆ. "ನಿನ್ನ ಬಾಯಾಗ ಮಣ್ಣ ಹಾಕ! ಜೀವಕ್ಕಿಂತ ಖಂಡ ಹೆಚ್ಚಾತೇನು?"

"ಬಡಿಸಿದಾಕಿ ನೀನs."

ಖರೇನ. ಅಳಿಯ ಆಗಾವ ಮನಿಗೆ ಬಂದಾಗ ಖಂಡದ ಊಟ ಹಾಕದಿದ್ರ ನಮ್ಮಲ್ಲಿ ಮರ್ಯಾದಿ ಹೋಗತೈತಿ. ಮೊನ್ನೆ ಅವ ಬಂದಾಗ ಅವ್ವ ಮಾಡಿದ್ಲು, ನಾ ಬಡಿಸಿದ್ದೆ.

"ಪಥ್ಯದ ಮಾತ ಯಾಕ ಹೇಳಲಿಲ್ಲ?"

"ನೀ ಸೆರಗ ಹೊತ್ತು, ಕಣ್ಣೆತ್ತಿ ಕಣ್ಣೆತ್ತಿ ನೋಡಿ ಬಡಿಸಾಕತ್ತಿದ್ದಿ. ಆ ಹೊತ್ತಿನ್ಯಾಗ ಹೊರಕಡಿ ಮಾತ ಹ್ಯಾಂಗ ತಗೀಲಿ? ನೀ ವಿಷಾ ಹಾಕಿದ್ರೂ ಉಣತಿದ್ದೆ."

ಸಿಟ್ಟು ಹೋತು. ಮತ್ತೊಂದ ತಿಂಗಳ ಕಾಯಬೇಕಲ್ಲಾ ಅಂತ ನೆನಪಾಗಿ ತಿರುಗಿ ಬಂತು.

ಈ ಸಲ ರೊಟ್ಟಿ, ಬ್ಯಾಳಿ, ಮಜ್ಜಿಗಿ ನಾನ ಕಟ್ಟಿ ಕಳಿಸಿದೆ. ತುತ್ತ ತಪ್ಪಲಿಲ್ಲ ಮಾವ. ಆದ್ರೂ ನೀಲಿ.

"ಮಿರಜಿನ ಧರ್ಮಾರ್ಥ ದವಾಖಾನಿಗೆ ಹೋಗ್ರಿ. ನಳಗಿ ಹಾಕಿ ಕರುಳ ನೋಡ್ತಾರ. ಸಣ್ಣ ಗಡ್ಡಿ ಇದ್ರ ಅಲ್ಲೇ ತಗದು ಹಾಕ್ತಾರ. ತಡಾ ಮಾಡಬ್ಯಾಡ್ರಿ, ಜೋಡಿ ಯಾರರೆ ಇರಲಿ" ಅಂದ್ರು ಡಾಕ್ಟರು.

ಹೊರಗ ಮಾವ ನನ್ನ ಮಾರಿ ನೋಡಲಾರದ, "ನಿನ್ನ ಬ್ಯಾರೆ ಕಡಿ ಕೊಡಲಿ, ರಾಚಿ. ನಿಮ್ಮಪ್ಪಗ ನಾನ ಹೇಳತೇನಿ" ಅಂದ.

"ಹುಚ್ಚ! ನಿನ್ನ ಡಬ್ಬಿ ಸಲುವಾಗಿ ಮೂರು ಸಂತಿ ನಿಂತೀನಿ. ನಿನ್ನ ಮ್ಯಾಲೆ ಜೀವ ಐತಿ ನನಗ. ಬಾಯಿಲೆ ಹೇಳದ ತಿಳಿಯಂಗಿಲ್ಲೇನು?"

ಸಂತಿಗೆ ಬಂದಿದ್ದ ನಮ್ಮಪ್ಪ ಗುರಣ್ಣಗ, ನಾನ ಜೋಡಿ ಹೋಗತೇನಿ ಅಂದೆ. "ಮದಿವಿ ಆಗಲಾರದಾಕಿ ಹ್ಯಾಂಗ ಹೋಗ್ತಿಯೇ?" ಅಂತ ಕಣ್ಣ ಕೆಂಪ ಮಾಡಿದ.

"ಹಂಗಾರ ಇವತ್ತ ಸಂಜಿಗೇ ಅಕ್ಕಿಕಾಳ ಹಾಕಿ ಮದಿವಿ ಮಾಡ್ರಿ."

ಅಪ್ಪ ಬೈದ, ಅವ್ವ ಅತ್ಲು, ಸಂಜಿಗೆ ಅಕ್ಕಿಕಾಳ ಬಿದ್ದುವು.

ಮರುದಿನ ಮಿರಜಿನ ಬಸ್ಸಿನ್ಯಾಗ ಕೂತಾಗ ಇಬ್ಬರ ಕೈಯಾಗಿನ ಅರಿಶಿಣಾನೂ ಹೋಗಿರಲಿಲ್ಲ. ಟಿಕೋಟಾ ದಾಟಿದ ಮ್ಯಾಲೆ ಮಾವ, "ಅಂಜಿಕಿ ಆಗತೈತಿ ರಾಚಿ" ಅಂದ. ನಾಚಿಕಿ ಬಿಟ್ಟು ಅವ ಖರೇ ಹೇಳಿದ್ದು ಅದs ಮೊದಲು.

"ನನಗೂ" ಅಂದೆ. ಮಂದಿ ನೋಡಾಕತ್ತಿದ್ರು. ಅವನ ಕೈ ಹಿಡಕೊಂಡೆ.